ಮುಂಬಯಿಯಲ್ಲಿ ಮತ ಕೇಳಿದ ಮಹಾದಂಡನಾಯಕ

1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ಉಪನಗರದ ಮತದಾರರ ಮುಂದೆ ಒಬ್ಬ ಅಪರೂಪದ ಅಭ್ಯರ್ಥಿ ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಊರು ಕೊಡಗು. ಯಾವ ಪಕ್ಷಕ್ಕೂ ಸೇರಿದವರಲ್ಲ, ಸ್ವತಂತ್ರ ಅಭ್ಯರ್ಥಿ. ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತಿದ್ದದ್ದು: ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಜನರಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ. ಅವರ ಬೆಂಬಲಕ್ಕೆ ನಿಂತದ್ದು ಶಿವಸೇನೆ. ಮತ ಎಣಿಕೆ ಮುಗಿದಾಗ ಕಾರ್ಯಪ್ಪ ಸೋತಿದ್ದರು, ಕಾಂಗ್ರೆಸ್ ಗೆದ್ದಿತ್ತು.

ಕಾರ್ಯಪ್ಪನವರ ಜೀವನಚರಿತ್ರೆ ಹೇಳುವವರು ಈ ಸೋಲನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ದೊಡ್ಡ ಬದುಕಿನ ಕೊನೆಯಲ್ಲಿ ಬಂದ ಸಣ್ಣ ಮುಜುಗರ ಎಂಬಂತೆ. ಆದರೆ ಸೈನಿಕನೊಬ್ಬ ರಾಜಕಾರಣಕ್ಕೆ ಬರುವುದೆಂದರೆ ಏನು, ಅವನನ್ನು ಅಲ್ಲಿ ಯಾವುದು ಕಾಪಾಡುತ್ತದೆ, ಯಾವುದು ಕೈಬಿಡುತ್ತದೆ ಎಂದು ತಿಳಿಯಬೇಕಾದರೆ ಈ ಸೋಲನ್ನು ಸ್ವಲ್ಪ ನಿಂತು ನೋಡಬೇಕಾಗುತ್ತದೆ.

ಮುಂಬಯಿ ಅವರಿಗೆ ಹೊಸ ಊರಾಗಿರಲಿಲ್ಲ. 1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಶಾಲೆ ಕಲಿತು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ ಹುಡುಗ ಇಂದೋರಿನ ಡೇಲಿ ಕೆಡೆಟ್ ಕಾಲೇಜಿಗೆ ಆಯ್ಕೆಯಾದ. ಭಾರತೀಯರಿಗೆ ರಾಜನ ಕಮಿಷನ್ ಕೊಡಲು ಬ್ರಿಟಿಷರು ಮನಸ್ಸು ಮಾಡಿದ್ದು ಆಗಷ್ಟೇ. 1919ರಲ್ಲಿ ಅಧಿಕಾರಿಯಾಗಿ ಹೊರಬಂದ ಕಾರ್ಯಪ್ಪನವರು ಮೊದಲು ಸೇರಿದ್ದು ಮುಂಬಯಿಯಲ್ಲಿದ್ದ ಕರ್ನಾಟಿಕ್ ಇನ್‌ಫೆಂಟ್ರಿಯನ್ನು. ಮುಂದೆ ಮೆಸೊಪೊಟೇಮಿಯ, ವಾಯವ್ಯ ಗಡಿ, ರಜಪೂತ ರೆಜಿಮೆಂಟ್. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ಚುಕ್ಕಾಣಿ ಹಿಡಿದ ಮೊದಲ ಭಾರತೀಯರೂ ಅವರೇ. ಪ್ರತಿ ಮೆಟ್ಟಿಲಲ್ಲೂ ‘ಮೊದಲಿಗ’ ಎನಿಸಿಕೊಳ್ಳುವುದೆಂದರೆ ಪ್ರತಿ ಮೆಟ್ಟಿಲಲ್ಲೂ ಬೇರೆಯವರ ಕಣ್ಣಿನ ಪರೀಕ್ಷೆಗೆ ನಿಲ್ಲುವುದು. ಶಿಸ್ತು, ಉಡುಪು, ನಡೆ, ನುಡಿ ಎಲ್ಲದರಲ್ಲೂ ಅವರು ಆಂಗ್ಲ ಅಧಿಕಾರಿಗಳಿಗಿಂತ ಒಂದು ಕೈ ಮೇಲೆ ಎನಿಸಿಕೊಂಡದ್ದು ಹಾಗೆ.

1948ರಲ್ಲಿ ಪಶ್ಚಿಮದ ಸೇನಾ ಕಮಾಂಡ್ ಅವರ ಕೈಗೆ ಬಂತು. ಕಾಶ್ಮೀರದ ಯುದ್ಧ ನಡೆಯುತ್ತಿದ್ದ ಕಾಲ. ಝಂಗಡ, ಜೋಜಿಲಾ, ದ್ರಾಸ್, ಕಾರ್ಗಿಲ್‌ಗಳು ಮರಳಿ ಭಾರತದ ಕೈಸೇರಿ ಲೇಹ್‌ನ ದಾರಿ ತೆರೆದದ್ದು ಆ ವರ್ಷ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಇಡೀ ಸೇನೆಯ ಅಧಿಕಾರ ವಹಿಸಿಕೊಂಡರು. ಆ ದಿನವನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ. ಸೈನ್ಯದೊಳಗೆ ರಾಜಕೀಯ ಸುಳಿಯಕೂಡದು, ಸರ್ಕಾರ ಯಾವುದೇ ಇರಲಿ ಸೈನಿಕ ಅದರ ಆಜ್ಞೆಗೆ ಬದ್ಧ ಎಂಬುದು ಅವರ ಬಿಗಿಯಾದ ನಿಲುವಾಗಿತ್ತು. 1953ರಲ್ಲಿ ನಿವೃತ್ತರಾದರು. ಆಮೇಲೆ 1956ರವರೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್.

ಸಮವಸ್ತ್ರದೊಳಗಿದ್ದಾಗ ತುಟಿಮೀರದ ಮಾತುಗಳು ನಿವೃತ್ತಿಯ ನಂತರ ಹೊರಬಂದವು. ಪಕ್ಷಗಳ ಕಿತ್ತಾಟ, ಭ್ರಷ್ಟಾಚಾರ, ಅಶಿಸ್ತು ಅವರಿಗೆ ಸಹನೆಯಾಗುತ್ತಿರಲಿಲ್ಲ. ದೇಶ ದಾರಿಗೆ ಬರಲು ಕೆಲಕಾಲ ರಾಷ್ಟ್ರಪತಿ ಆಳ್ವಿಕೆ ಇದ್ದರೆ ಒಳ್ಳೆಯದು ಎಂಬ ಧಾಟಿಯಲ್ಲೂ ಮಾತಾಡಿದರು. ಪರೇಡಿನ ಮೈದಾನದಲ್ಲಿ ಒಂದೇ ಕೂಗಿಗೆ ಸಾವಿರ ಹೆಜ್ಜೆಗಳು ಸೇರಿ ಬೀಳುವುದನ್ನು ಮೂವತ್ತು ವರ್ಷ ಕಂಡವರಿಗೆ ಸಂಸತ್ತಿನ ಗದ್ದಲ ಅಸ್ತವ್ಯಸ್ತವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಪ್ರಜಾಪ್ರಭುತ್ವಕ್ಕೆ ಇಂಥ ಮಾತು ಅಪಾಯಕಾರಿಯೂ ಹೌದು. ಅವರನ್ನು ಗೌರವಿಸುವವರು ಇದನ್ನು ಮರೆಮಾಚಬೇಕಾಗಿಲ್ಲ.

ಇನ್ನು ಅವರು ಮತ ಕೇಳಹೊರಟ ಊರಿನ ಕತೆ. ಬಾಳಾ ಠಾಕ್ರೆ ಶಿವಸೇನೆಯನ್ನು ಕಟ್ಟಿದ್ದು 1966ರ ಜೂನ್ 19ರಂದು. ಮರಾಠಿಗರ ಕೆಲಸಗಳನ್ನು ದಕ್ಷಿಣದವರು ಕಸಿಯುತ್ತಿದ್ದಾರೆ ಎಂಬುದು ಅದರ ಮೊದಲ ಕೂಗು. ಕಚೇರಿಯ ಬೆರಳಚ್ಚುಗಾರ, ಗುಮಾಸ್ತ, ಉಡುಪಿ ಹೋಟೆಲಿನ ಮಾಲೀಕ, ಎಲ್ಲರೂ ಅದರ ಕಣ್ಣಿಗೆ ಒಂದೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದ ಕನ್ನಡದ ಹುಡುಗರು ತಮ್ಮ ಭಾಷೆಯನ್ನು ಬೀದಿಯಲ್ಲಿ ಗಟ್ಟಿಯಾಗಿ ಆಡಲು ಅಳುಕಿದ ದಿನಗಳವು. ಅದರ ಜೊತೆಗೆ ಬೆಳಗಾವಿಯ ಗಡಿ ತಕರಾರು. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಹೆಸರಿನಲ್ಲೇ ಶಿವಸೇನೆಯ ಚಳವಳಿ ಮುಂಬಯಿಯನ್ನು ಹಲವು ದಿನ ಹೊತ್ತಿಸಿತು.

ಇದೇ ಉಪನಗರಗಳಲ್ಲಿ ರಕ್ಷಣಾ ಖಾತೆಯ ನೆರಳು ಮೊದಲೂ ಬಿದ್ದಿತ್ತು. 1962ರ ಆರಂಭದಲ್ಲಿ ಆಗಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಉತ್ತರ ಮುಂಬಯಿಯಲ್ಲಿ ಜೆ.ಬಿ. ಕೃಪಲಾನಿಯವರನ್ನು ಭಾರಿ ಅಂತರದಿಂದ ಸೋಲಿಸಿದ್ದರು. ಅದೇ ವರ್ಷದ ಕೊನೆಯಲ್ಲಿ ಚೀನಾ ಯುದ್ಧ ಅವರ ಖಾತೆಯನ್ನು ಕಿತ್ತುಕೊಂಡಿತು. 1967ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದೆ ಈಶಾನ್ಯ ಮುಂಬಯಿಯಲ್ಲಿ ಸ್ವತಂತ್ರರಾಗಿ ನಿಂತಾಗ, ಹೊಸದಾಗಿ ಹುಟ್ಟಿದ ಶಿವಸೇನೆ ಈ ಮಲಯಾಳಿಯ ವಿರುದ್ಧ ದುಡಿಯಿತು. ಮೆನನ್ ಸೋತರು. ನಾಲ್ಕೇ ವರ್ಷಗಳ ನಂತರ ಅದೇ ಶಿವಸೇನೆ ಕೊಡಗಿನ ಜನರಲ್‌ಗೆ ಮತ ಕೊಡಿ ಎಂದು ಕೇಳಿತು. ದಕ್ಷಿಣದವನೆಂಬುದು ಒಬ್ಬರ ಮಟ್ಟಿಗೆ ಅಪರಾಧವಾಗಿ, ಇನ್ನೊಬ್ಬರ ಮಟ್ಟಿಗೆ ಲೆಕ್ಕಕ್ಕೆ ಬಾರದೆ ಹೋಯಿತು. ಒಂದು ಭಾಷೆಯ ಪಕ್ಷಕ್ಕೆ ದೇಶಭಕ್ತಿಯ ಹೊದಿಕೆ ಬೇಕಾಗಿತ್ತು. ಕಾರ್ಯಪ್ಪನವರ ಹೆಸರಿಗಿಂತ ದೊಡ್ಡ ಹೊದಿಕೆ ಎಲ್ಲಿ ಸಿಗಬೇಕು? ಆದರೆ ಮುಂಬಯಿಯ ಕನ್ನಡಿಗನ ಇಕ್ಕಟ್ಟು ಬೇರೆ. ಅಭ್ಯರ್ಥಿ ನಮ್ಮವರು, ಹಿಂದೆ ನಿಂತವರು ನಮ್ಮ ಹೋಟೆಲಿಗೆ ಕಲ್ಲು ಹೊಡೆದವರು.

ಆ ಚುನಾವಣೆಯ ಗಾಳಿಯೂ ಅವರಿಗೆ ಎದುರಾಗಿತ್ತು. ಬ್ಯಾಂಕುಗಳ ರಾಷ್ಟ್ರೀಕರಣದ ನಂತರ ‘ಗರೀಬಿ ಹಟಾವೋ’ ಎನ್ನುತ್ತ ಇಂದಿರಾ ಗಾಂಧಿ 352 ಸ್ಥಾನ ಗೆದ್ದ ಚುನಾವಣೆ ಅದು. ಮುಂಬಯಿಯ ಐದೂ ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾದವು. ಚಾಳಿನಲ್ಲಿ ನಲ್ಲಿನೀರಿಗೆ ಸಾಲು ನಿಲ್ಲುವವರಿಗೆ, ಗಿರಣಿಯ ಪಾಳಿ ಮುಗಿಸಿ ಲೋಕಲ್ ಹಿಡಿಯುವವರಿಗೆ ಬೇಕಾಗಿದ್ದದ್ದು ಶಿಸ್ತಿನ ಪಾಠವಲ್ಲ, ಬದುಕು ಹಗುರಾಗುವ ಭರವಸೆ. ಕಾರ್ಯಪ್ಪನವರ ಹಿಂದಿಯ ಬಗ್ಗೆ ಸೈನ್ಯದಲ್ಲಿ ಒಂದು ತಮಾಷೆಯ ಕತೆಯಿದೆ. ಸ್ವಾತಂತ್ರ್ಯ ಬಂದಾಗ ಜವಾನರಿಗೆ ನಾವೀಗ ‘ಮುಕ್ತ’ರು ಎನ್ನಲು ಹೋಗಿ ‘ಮುಫ್ತ್’ ಎಂದರಂತೆ, ಎಂದರೆ ಪುಕ್ಕಟೆ. ಜವಾನರು ನಕ್ಕರೂ ಅವರನ್ನು ಪ್ರೀತಿಸಿದರು, ಏಕೆಂದರೆ ಅವರೊಡನೆ ಬದುಕಿದ್ದರು. ಉಪನಗರದ ಮತದಾರನೊಡನೆ ಅವರಿಗೆ ಅಂಥ ಒಡನಾಟವಿರಲಿಲ್ಲ.

ಒಡನಾಟ ಇದ್ದವರ ಉದಾಹರಣೆಯೂ ಅದೇ ಊರಿನಲ್ಲಿತ್ತು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಮುಂಬಯಿಯ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಉರುಳಿಸಿದ್ದರು. 1971ರ ಗಾಳಿಗೆ ಅವರೂ ಸೋತರು. ಆದರೆ ಅವರಿಗೆ ಹಿಂತಿರುಗಲು ಸಂಘಟನೆಯಿತ್ತು. 1974ರ ರೈಲ್ವೆ ಮುಷ್ಕರ ನಡೆಸಿದರು, ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದರು, 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಝಫ್ಫರಪುರವನ್ನು ಗೆದ್ದರು. 1998ರಲ್ಲಿ ದೇಶದ ರಕ್ಷಣಾ ಸಚಿವರಾದರು. ಬಂದೂಕು ಹಿಡಿಯದ ಮಂಗಳೂರಿನವರು ಸೇನೆಯ ಮೇಲಿನ ಖುರ್ಚಿಗೆ ಏರಿದರು. ಸೇನೆಯನ್ನೇ ನಡೆಸಿದ ಕೊಡಗಿನವರಿಗೆ ಸಂಸತ್ತಿನ ಬಾಗಿಲು ತೆರೆಯಲಿಲ್ಲ. ಸೈನಿಕರಿಗೆ ರಾಜಕಾರಣ ಒಗ್ಗುವುದಿಲ್ಲ ಎಂದಲ್ಲ. ಮೇಜರ್ ಆಗಿದ್ದಾಗಲೇ ಸೇನೆ ಬಿಟ್ಟ ಜಸ್ವಂತ್ ಸಿಂಗ್ ಪಕ್ಷದೊಳಗೆ ವರ್ಷಗಟ್ಟಲೆ ಪಳಗಿ ವಿದೇಶಾಂಗ, ಹಣಕಾಸು ಖಾತೆಗಳನ್ನು ನಿಭಾಯಿಸಿದರು. ರಾಜಕಾರಣದಲ್ಲಿ ಎಲ್ಲರೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು. ಜನರಲ್ ಹುದ್ದೆಯ ನಕ್ಷತ್ರಗಳು ಅಲ್ಲಿ ಚಲಾವಣೆಯ ನಾಣ್ಯವಲ್ಲ.

ಈ ಸೋಲಿನ ಬೆಲೆ ತಿಳಿಯಲು ಗಡಿಯಾಚೆ ನೋಡಬೇಕು. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಆಯೂಬ್ ಖಾನ್ 1958ರಲ್ಲಿ ಪಾಕಿಸ್ತಾನದ ಅಧಿಕಾರವನ್ನು ಕಸಿದುಕೊಂಡು ಹತ್ತು ವರ್ಷ ಆಳಿದರು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ಸೆರೆಸಿಕ್ಕಾಗ ಹಳೆಯ ಗುರುತಿನಿಂದ ಆಯೂಬ್ ಸಹಾಯದ ಮಾತಾಡಿದರು. ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂದು ತಂದೆ ಹೇಳಿ ಕಳಿಸಿದರು. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು. ಇಬ್ಬರಿಗೂ ರಾಜಕಾರಣಿಗಳ ಮೇಲೆ ಬೇಸರ. ಒಬ್ಬರು ಟ್ಯಾಂಕುಗಳ ಬಲದಿಂದ ಕುರ್ಚಿ ಹಿಡಿದರು. ಇನ್ನೊಬ್ಬರು ನಾಮಪತ್ರ ಸಲ್ಲಿಸಿ, ಗುಮಾಸ್ತನಿಗೂ ಗಿರಣಿ ಕಾರ್ಮಿಕನಿಗೂ ಕೈಮುಗಿದು, ಬೇಡವೆಂದಾಗ ಮನೆಗೆ ಹೋದರು. ಮಾತಿನಲ್ಲಿ ಪ್ರಜಾಪ್ರಭುತ್ವವನ್ನು ಸಂಶಯಿಸಿದವರು ನಡೆಯಲ್ಲಿ ಅದರ ತೀರ್ಪಿಗೆ ತಲೆಬಾಗಿದರು.

ಮಡಿಕೇರಿಯ ತಮ್ಮ ಮನೆ ‘ರೋಶನಾರಾ’ಕ್ಕೆ ಅವರು ಮರಳಿದರು. 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿಯ ದಂಡ ಅವರ ಕೈಸೇರಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಪ್ರತಿ ಜನವರಿ 15ರಂದು ದಿಲ್ಲಿಯಲ್ಲೂ ದೇಶದ ಎಲ್ಲ ಸೇನಾ ನೆಲೆಗಳಲ್ಲೂ ಅವರನ್ನು ನೆನೆಯುತ್ತಾರೆ. ಮುಂಬಯಿಯ ಸೋಲನ್ನು ಯಾರೂ ನೆನೆಯುವುದಿಲ್ಲ. ಸೇನೆಯ ಅತಿ ದೊಡ್ಡ ಹೆಸರಿಗೂ ಸಾಮಾನ್ಯ ಮತದಾರ ಇಲ್ಲವೆನ್ನಬಹುದು, ಆ ಇಲ್ಲ ಎಂಬುದನ್ನು ಸೇನಾನಿ ಒಪ್ಪಿಕೊಳ್ಳುತ್ತಾನೆ ಎಂದು ತೋರಿಸಿದ್ದು ಆ ಸೋಲೇ.