ಹೂದಾನಿ, ತಂತಿ ಮತ್ತು ಸ್ಟೆಪ್ನಿ

1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು ಗಾಲಿಯ ಮೇಲೆ ಕೂರಿಸಿದ ಪುಟ್ಟ ದಿವಾನಖಾನೆಯಂತಿತ್ತು. ಸುತ್ತ ಗಾಜು, ಒಳಗೆ ಸೋಫಾದಂಥ ಆಸನ, ಸ್ಟಿಯರಿಂಗ್ ಚಕ್ರದ ಬದಲು ದೋಣಿಯ ಚುಕ್ಕಾಣಿಯಂಥ ಹಿಡಿಕೆ. ಇಂಥ ಕಾರುಗಳಲ್ಲಿ ಹೂದಾನಿಯನ್ನೂ ಸಿಕ್ಕಿಸಿರುತ್ತಿದ್ದರು. ಹೆನ್ರಿ ಫೋರ್ಡ್ ಲಕ್ಷಗಟ್ಟಲೆ ಪೆಟ್ರೋಲ್ ಕಾರು ತಯಾರಿಸುತ್ತಿದ್ದ ಕಾಲದಲ್ಲಿ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನೇ.

ಆ ಹೂದಾನಿ ಜನರ ನೆನಪಿನಲ್ಲಿ ಉಳಿಯಿತು. ಕಾರನ್ನು ದಿನವೂ ಓಡುವಂತೆ ಮಾಡಿದ ಸಾಮಾನುಗಳು ಬೇರೆಯೇ ಇದ್ದವು, ಅವನ್ನು ಜನ ಮರೆತರು. ಇಂದು ಹೊಸ ವಿದ್ಯುತ್ ಕಾರು ಕೊಳ್ಳುವವರ ಕೈಗೆ ಷೋರೂಮಿನಲ್ಲಿ ಸೀಟ್ ಕವರ್, ಡೋರ್ ವೈಸರ್, ಕ್ರೋಮ್ ಪಟ್ಟಿ, ನೆಲಹಾಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲು ಆ ಮರೆತ ಸಾಮಾನುಗಳ ಕಥೆ ಸಹಾಯಕ್ಕೆ ಬರುತ್ತದೆ.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ 1,681 ಉಗಿಯವು, 1,575 ವಿದ್ಯುತ್ತಿನವು, ಪೆಟ್ರೋಲಿನವು 936 ಮಾತ್ರ. ವಿದ್ಯುತ್ ಕಾರಿಗೆ ಹೊಗೆಯಿರಲಿಲ್ಲ, ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟವೂ ಇರಲಿಲ್ಲ. ತೊಂದರೆ ಇದ್ದದ್ದು ಮನೆಯಲ್ಲಿ ಚಾರ್ಜ್ ಮಾಡುವುದರಲ್ಲಿ. ಬ್ಯಾಟರಿಗೆ ಬೇಕಾದದ್ದು ಡಿಸಿ, ಆದರೆ ಮನೆಗಳಿಗೆ ಹೆಚ್ಚುಹೆಚ್ಚಾಗಿ ಬರತೊಡಗಿದ್ದು ಎಸಿ. ಇದಕ್ಕೆ ದಾರಿ ತೋರಿಸಿದ್ದು 1902ರಲ್ಲಿ ಪೀಟರ್ ಕೂಪರ್ ಹ್ಯೂವಿಟ್ ಕಂಡುಹಿಡಿದ ಪಾದರಸದ ರೆಕ್ಟಿಫೈಯರ್. ಪಾದರಸ ತುಂಬಿದ ದೊಡ್ಡ ಗಾಜಿನ ಬುರುಡೆ, ಉರಿಯುವಾಗ ನೀಲಿ ಬೆಳಕು. ಜನರಲ್ ಎಲೆಕ್ಟ್ರಿಕ್ ಕಂಪನಿ ಅದನ್ನು ಕಾರು ನಿಲ್ಲಿಸುವ ಗ್ಯಾರೇಜುಗಳಿಗೆ ಮಾರಿತು. ಇನ್ನೊಂದು, ಸಂಗಾಮೋ ಕಂಪನಿಯ ಆಂಪಿಯರ್-ಅವರ್ ಮೀಟರು. ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಇಳಿಸಿ ಎಷ್ಟು ಉಳಿದಿದೆ ಎಂದು ನೋಡಬಹುದು, ಬ್ಯಾಟರಿಗೆ ಹಾಗೆ ಮಾಡಲಾಗದು. ಖರ್ಚಾದ ಚಾರ್ಜನ್ನು ಮುಳ್ಳಿನಲ್ಲಿ ತೋರಿಸುವ ಈ ಮೀಟರು ಇದ್ದವರು ಮನೆ ಮುಟ್ಟುವ ಧೈರ್ಯದಿಂದ ಹೊರಡಬಹುದಿತ್ತು.

ಅದೇ ಕಾಲದ ಇನ್ನೊಂದು ಸಾಮಾನಿನ ಹೆಸರು ನಮ್ಮ ಬಾಯಲ್ಲಿ ಇಂದಿಗೂ ಇದೆ. ಆಗಿನ ಕಾರುಗಳ ಜೊತೆ ಹೆಚ್ಚುವರಿ ಚಕ್ರ ಬರುತ್ತಿರಲಿಲ್ಲ. ಟೈರು ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸ್‌ನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಡೇವಿಸ್ ಸಹೋದರರು ಇದಕ್ಕೆಂದೇ ಒಂದು ಬದಲಿ ಚಕ್ರ ತಯಾರಿಸಿ ಬೀದಿಯ ಹೆಸರಲ್ಲೇ ಮಾರಿದರು. ಬ್ರಿಟನ್ನಿನಲ್ಲಿ ಆ ಹೆಸರು ಮಾಸಿತು. ಬೆಂಗಳೂರಿನಿಂದ ದೆಹಲಿಯವರೆಗೆ ಯಾವ ಪಂಕ್ಚರ್ ಅಂಗಡಿಯಲ್ಲಿ ಕೇಳಿದರೂ ಅದು ಸ್ಟೆಪ್ನಿಯೇ.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಫೋರ್ಡ್ ಕಾರುಗಳ ಬೆಲೆಯೂ ಇಳಿಯುತ್ತ ಹೋಯಿತು. ಕರೆಂಟೇ ಇಲ್ಲದ ಹಳ್ಳಿಗಳಿಗೆ ಪೆಟ್ರೋಲ್ ಡಬ್ಬಿ ಸುಲಭವಾಗಿ ತಲುಪುತ್ತಿತ್ತು. ವಿದ್ಯುತ್ ಕಾರು ಹಿಂದೆ ಸರಿಯಿತು.

ಅದು ಮರಳಿ ಬಂದಾಗಲೂ ತೊಡಕು ತಂತಿಯ ತುದಿಯಲ್ಲೇ ಇತ್ತು. 1996ರಲ್ಲಿ ಜನರಲ್ ಮೋಟಾರ್ಸ್ ಕ್ಯಾಲಿಫೋರ್ನಿಯದಲ್ಲಿ ಇವಿ1 ಕಾರನ್ನು ಬಾಡಿಗೆಗೆ ಕೊಟ್ಟಿತು. ಅದರ ಚಾರ್ಜರಿಗೆ ಪಿನ್ನುಗಳಿರಲಿಲ್ಲ. ಚಪ್ಪಟೆ ಹುಟ್ಟಿನಂಥ ಪ್ಲಾಸ್ಟಿಕ್ ತುಂಡನ್ನು ಕಾರಿನ ಸೀಳಿಗೆ ತೂರಿಸಿದರೆ ಕಾಂತಕ್ಷೇತ್ರದ ಮೂಲಕ ವಿದ್ಯುತ್ ಹರಿಯುತ್ತಿತ್ತು. ಜಾಣ್ಮೆಯ ಉಪಾಯವೇ. ಆದರೆ 2001ರಲ್ಲಿ ಆ ರಾಜ್ಯದ ವಾಯು ಮಂಡಳಿ ಪಿನ್ನುಗಳಿರುವ ಪದ್ಧತಿಯನ್ನು ಆರಿಸಿಕೊಂಡಿತು, ಹುಟ್ಟಿನ ಚಾರ್ಜರುಗಳು ಮೂಲೆ ಸೇರಿದವು.

ಅದೇ 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿಯಿತು. ಚೇತನ್ ಮೈನಿ ಮತ್ತು ಅವರ ತಂಡದ ಈ ಪುಟ್ಟ ಕಾರಿನಲ್ಲಿ 6 ವೋಲ್ಟಿನ 8 ಸೀಸದ ಬ್ಯಾಟರಿಗಳಿದ್ದವು. ಒಮ್ಮೆ ತುಂಬಿದರೆ ಸುಮಾರು 80 ಕಿ.ಮೀ. ಚಾರ್ಜಿಂಗ್ ಕೇಂದ್ರ ಎಂಬ ಮಾತೇ ಇಲ್ಲದ ದಿನಗಳವು. ರೇವಾ ಮನೆಯ 15 ಆಂಪಿಯರ್ ಸಾಕೆಟ್ಟನ್ನು ನಂಬಿತ್ತು. ಅದಕ್ಕೆ ಬೇಕಿದ್ದದ್ದು ಗಟ್ಟಿ ಕೇಬಲ್, ಸರಿಯಾದ ಅರ್ಥಿಂಗ್, ಆಗಾಗ ಬ್ಯಾಟರಿಗೆ ಹಾಕಲು ಡಿಸ್ಟಿಲ್ಡ್ ವಾಟರ್. ಕೆಳಗೆ ಸ್ವಂತ ಗ್ಯಾರೇಜಿದ್ದವರಿಗೆ ಇದು ಸಲೀಸು. ಮೂರನೇ ಮಹಡಿಯಲ್ಲಿದ್ದವರಿಗೆ ಮೀಟರಿನಿಂದ ಪಾರ್ಕಿಂಗ್ ಜಾಗಕ್ಕೆ ತಂತಿ ಎಳೆಯುವುದೇ ದೊಡ್ಡ ಕೆಲಸ.

ಆಮೇಲೆ ಪ್ಲಗ್ಗುಗಳ ಗೊಂದಲ ಭಾರತಕ್ಕೂ ಬಂತು. 2017ರಲ್ಲಿ ಸರ್ಕಾರ ಭಾರತ್ ಎಸಿ-001, ಡಿಸಿ-001 ಎಂಬ ಮಾನದಂಡಗಳನ್ನು ತಂದಿತು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿ ಯುರೋಪಿನ ಟೈಪ್-2, ಸಿಸಿಎಸ್-2 ಪ್ಲಗ್ಗುಗಳನ್ನು ತಂದಿತು, ಈಗಿನ ಕಾರುಗಳು ಹೆಚ್ಚಾಗಿ ಅದೇ ದಾರಿಯಲ್ಲಿವೆ. ಹಳೆಯ ಎಸಿ-001 ಕಂಬದಿಂದ ಟೈಪ್-2 ಕಾರಿಗೆ ಚಾರ್ಜ್ ಮಾಡಲು ಬೇರೆ ಕೇಬಲ್ ಬೇಕು. ಅಂಥ ಕಂಬ ದಾರಿಯಲ್ಲಿ ಸಿಗುವುದಿದ್ದರೆ ಮಾತ್ರ ಅದಕ್ಕೆ ದುಡ್ಡು ಹಾಕುವುದು ಸರಿ.

ಈ ಎಲ್ಲ ಕಥೆಯ ತಿರುಳು ಮುಂಬೈ, ಪುಣೆ, ಚೆನ್ನೈನ ಅಪಾರ್ಟ್‌ಮೆಂಟಿನ ನೆಲಮಹಡಿಗೆ ಇಳಿದಾಗ ಚೆನ್ನಾಗಿ ತಿಳಿಯುತ್ತದೆ. ಗೀಸರ್ ಅರ್ಧ ಗಂಟೆ ಉರಿದು ಆರುತ್ತದೆ. 30 ಯೂನಿಟ್ಟಿನ ಬ್ಯಾಟರಿಯ ಕಾರು ಸಾಮಾನ್ಯ ಸಾಕೆಟ್ಟಿನಿಂದ ಸುಮಾರು 3.3 ಕಿಲೋವ್ಯಾಟ್‌ನಂತೆ ಒಂಬತ್ತು-ಹತ್ತು ಗಂಟೆ ಎಡೆಬಿಡದೆ ಎಳೆಯುತ್ತದೆ. ಸಡಿಲ ಸಾಕೆಟ್, ತೆಳು ತಂತಿ, ಎಕ್ಸ್‌ಟೆನ್ಷನ್ ಬೋರ್ಡ್ ಇದ್ದಲ್ಲಿ ಇದು ಬೆಂಕಿಗೆ ಕೊಟ್ಟ ಆಹ್ವಾನ. ಅರ್ಥಿಂಗ್ ಇಲ್ಲದಿದ್ದರೆ ಅನೇಕ ಪೋರ್ಟಬಲ್ ಚಾರ್ಜರುಗಳು ಕೆಲಸವನ್ನೇ ಶುರುಮಾಡುವುದಿಲ್ಲ. ಆಗ ಕೆಲವು ಕಡೆ ಸಾಕೆಟ್ಟಿನ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿ ಚಾರ್ಜರಿನ ಕಣ್ಣಿಗೆ ಮಣ್ಣೆರಚುತ್ತಾರೆ. ಮುಂದೆ ಎಂದಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಗೇ ಕರೆಂಟು ಬರಬಹುದು. ಬಾಗಿಲು ತೆಗೆಯಲು ಕೈಯಿಡುವುದು ಮನೆಯ ಮಗುವೂ ಆಗಬಹುದು.

ಆದ್ದರಿಂದ ಮೊದಲ ಖರ್ಚು ಅಲ್ಲಿಗೇ ಹೋಗಬೇಕು: ಮೀಟರಿನಿಂದ ಪ್ರತ್ಯೇಕ ಲೈನು, ನಿಜವಾದ ಅರ್ಥಿಂಗ್, ಎಂಸಿಬಿ, ಸೋರಿಕೆಯಾದರೆ ತಟ್ಟನೆ ಕಡಿಯುವ ಆರ್‌ಸಿಸಿಬಿ. ಮನೆಯ ಈಗಿನ ವಿದ್ಯುತ್ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಹೇಳಿದೆ. ಸೊಸೈಟಿಯ ಸಭೆಗೆ ಹೋಗುವಾಗ ಅದರ ಪ್ರತಿ ಕೈಯಲ್ಲಿದ್ದರೆ ಒಳ್ಳೆಯದು. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್ ಕೊಳ್ಳುವ ಮುನ್ನ ಕಾರಿನೊಳಗಿನ ಚಾರ್ಜರ್ ಎಷ್ಟು ತೆಗೆದುಕೊಳ್ಳುತ್ತದೆ ಎಂದು ಕೇಳಬೇಕು. ಅದು 3.3 ಆಗಿದ್ದರೆ ದೊಡ್ಡ ಪೆಟ್ಟಿಗೆಯಿಂದ ಚಾರ್ಜ್ ಬೇಗ ಆಗುವುದಿಲ್ಲ.

ಎರಡನೆಯದು ಸ್ಟೆಪ್ನಿಯ ಜಾಗ ತುಂಬುವ ಸಾಮಾನು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿತು. ಬ್ಯಾಟರಿಗೆ ಜಾಗ ಬೇಕಾದ ವಿದ್ಯುತ್ ಕಾರುಗಳಲ್ಲಿ ಕೆಲವು ಇದರ ಲಾಭ ಪಡೆದಿವೆ. ಡಿಕ್ಕಿ ತೆರೆದು ನೋಡಿ, ಸ್ಟೆಪ್ನಿ ಇಲ್ಲದಿದ್ದರೆ ಗಾಳಿ ಹಾಕುವ ಪುಟ್ಟ ಪಂಪೊಂದು ಇರಲೇಬೇಕು.

ಕೆಲವು ಸಾಮಾನುಗಳು ಉಪಯೋಗಕ್ಕಿಂತ ಕೇಡನ್ನೇ ಹೆಚ್ಚು ಮಾಡುತ್ತವೆ. ಮೇಲ್ಚಾವಣಿಯ ಕ್ಯಾರಿಯರ್ ಗಾಳಿಗೆ ಎದುರಾಗಿ ಹೆದ್ದಾರಿಯಲ್ಲಿ ಚಾರ್ಜ್ ತಿನ್ನುತ್ತದೆ. ತಂತಿ ಕತ್ತರಿಸಿ ಜೋಡಿಸುವ ದೀಪ, ಹಾರನ್ನುಗಳಿಂದ ವಾರಂಟಿ ಕೈತಪ್ಪಬಹುದು. ಡ್ಯಾಶ್‌ಕ್ಯಾಮ್ ಒಳ್ಳೆಯದೇ, ಆದರೆ ನಿಂತ ಕಾರಿನಲ್ಲೂ ಚಿತ್ರ ತೆಗೆಯುತ್ತಿದ್ದರೆ ಅದು 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಬರಿದು ಮಾಡಬಲ್ಲದು. ಆ ಸಣ್ಣ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಇಷ್ಟಾದ ಮೇಲೆ ದುಡ್ಡು ಉಳಿದರೆ ಸೀಟ್ ಕವರೂ ಬರಲಿ, ಹೂದಾನಿಯೂ ಬರಲಿ. ಕ್ಲಾರಾ ಫೋರ್ಡ್ ಕಾಲದಲ್ಲೂ ಹೂವಿಟ್ಟ ಕಾರು ಬೆಳಿಗ್ಗೆ ಹೊರಡಬೇಕಾದರೆ ರಾತ್ರಿಯಿಡೀ ಎಲ್ಲೋ ಚಾರ್ಜಿಗೆ ಕೂತಿರಬೇಕಿತ್ತು.