ಮಳ್ಯಾಗ ಯಾರರ ತಿರಗ್ತಾರೇನು?

ಕಳೆದ ವರ್ಷ ಜುಲೈ ತಿಂಗಳಲ್ಲಿ ನಾವು ನಾಲ್ಕು ಮಂದಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತಿದೆವು. ಎಲ್ಲರೂ ವಿಡಿಯೋ ಮಾಡಿ ಹಾಕುವ ಜಲಪಾತ ನಮಗೆ ಬೇಡ, ಯಾರೂ ತೋರಿಸದ ಜಾಗ ಹುಡುಕೋಣ ಅನ್ನುವುದು ನಮ್ಮ ಲೆಕ್ಕ. ಖಾನಾಪುರದಲ್ಲಿ ಇಳಿದು ನಂದಗಡದ ಮೇಲೆ ಹಲಸಿ ಮುಟ್ಟುವ ಹೊತ್ತಿಗೆ ಬ್ಯಾಗಿನ ಬಟ್ಟೆ, ನೋಟ್‌ಬುಕ್ಕು, ಚುರುಮುರಿ ಎಲ್ಲಾ ತೊಯ್ದು ಮುದ್ದೆಯಾಗಿತ್ತು. ಒಂದು ಹಂಚಿನ ಮನೆಯ ಕಟ್ಟೆಯ ಮೇಲೆ ನಿಂತೆವು. ಒಳಗಿನಿಂದ ಬಂದ ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಮಳ್ಯಾಗ ಯಾರರ ತಿರಗ್ತಾರೇನ್ರೋ ತಮ್ಮಾ? ದೀಪಾವಳಿ ಆದಮ್ಯಾಲ ಬರೂದಲ್ಲಾ?"

ಬೈದು, ಆಮೇಲೆ ಚಹಾ ಕೊಟ್ಟರು. ಆಗ ನಕ್ಕು ಬಿಟ್ಟೆವು. ಊರಿಗೆ ಬಂದು ಹಲಸಿಯ ಇತಿಹಾಸ ಓದಲು ಕುಳಿತಾಗ ಮಾತ್ರ ನಗು ನಿಂತಿತು. ಅಜ್ಜಿ ಹೇಳಿದ್ದನ್ನೇ ಹೆಚ್ಚುಕಡಿಮೆ 1,500 ವರ್ಷಗಳ ಹಿಂದೆ ಒಬ್ಬ ರಾಜ ತಾಮ್ರದ ಹಾಳೆಯ ಮೇಲೆ ಬರೆಸಿದ್ದ.

ಹಲಸಿಯ ಹಳೆಯ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಇದು ಎರಡನೇ ರಾಜಧಾನಿಯಂತಿದ್ದ ಊರು. 19ನೇ ಶತಮಾನದಲ್ಲಿ ಊರ ಹೊರಗೆ, ಚಕ್ರತೀರ್ಥ ಎಂಬ ಬಾವಿಯ ಹತ್ತಿರದ ದಿಬ್ಬದಲ್ಲಿ ಕದಂಬರ ತಾಮ್ರಶಾಸನಗಳು ಸಿಕ್ಕವು. ಅವನ್ನು ಓದಿ ಅಚ್ಚು ಹಾಕಿಸಿದವನು ಜಾನ್ ಫ್ಲೀಟ್, ಮುಂಬಯಿ ಪ್ರಾಂತದ ಸರ್ಕಾರಿ ಅಧಿಕಾರಿ. ಕಚೇರಿಯ ಕೆಲಸದ ನಡುವೆ ಹಳಗನ್ನಡ ಕಲಿತು ನಮ್ಮ ಕಡೆಯ ಶಾಸನಗಳನ್ನು ಓದಿದ ಮನುಷ್ಯ.

ಆ ಶಾಸನಗಳಲ್ಲಿ ಒಂದು ರಾಜ ರವಿವರ್ಮನದು, ಸಂಸ್ಕೃತದಲ್ಲಿದೆ. ಅದರ ತಾತ್ಪರ್ಯ ಇಷ್ಟು: ಪುರುಖೇಟಕ ಎಂಬ ಹಳ್ಳಿಯ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಜಿನೇಂದ್ರನ ಉತ್ಸವ ನಡೆಯಬೇಕು, ಮತ್ತು ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟದ ವ್ಯವಸ್ಥೆ ಆಗಬೇಕು.

ಮಳೆಗಾಲದ ನಾಲ್ಕೇ ತಿಂಗಳು ಯಾಕೆ? ಜೈನ ಮುನಿಗಳು ಉಳಿದ ಎಂಟು ತಿಂಗಳು ಒಂದು ಕಡೆ ನಿಲ್ಲುವವರಲ್ಲ. ನಡೆಯುತ್ತಲೇ ಇರಬೇಕು, ಅದು ಅವರ ವ್ರತ. ಮಳೆ ಬಿದ್ದ ಮೇಲೆ ನೆಲದ ತುಂಬ ಹುಳ, ಹುಪ್ಪಟೆ, ಮೊಳಕೆ. ನಡೆದರೆ ಜೀವ ಸಾಯುತ್ತದೆ. ಹಾಗಾಗಿ ಮಳೆಗಾಲ ಮುಗಿಯುವ ತನಕ ಒಂದೇ ಊರಲ್ಲಿ ಕೂರಬೇಕು. ಇದನ್ನೇ ಚಾತುರ್ಮಾಸ ಅನ್ನುತ್ತೇವೆ. ಕಾರ್ತಿಕ ಹುಣ್ಣಿಮೆಯ ಉತ್ಸವ ಮುಗಿಯಿತೆಂದರೆ ಮತ್ತೆ ದಾರಿ ಹಿಡಿಯುತ್ತಿದ್ದರು.

ಸಹ್ಯಾದ್ರಿಯ ಅಂಚಿನ ಖಾನಾಪುರ ತಾಲೂಕಿನಲ್ಲಿ ಆ ನಾಲ್ಕು ತಿಂಗಳೆಂದರೆ ಏನೆಂದು ನಿಮಗೆ ಗೊತ್ತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಬೆಳಗಾವಿ ನಗರದ ಎರಡು-ಮೂರು ಪಟ್ಟು ಮಳೆ. ರವಿವರ್ಮ ಧರ್ಮದ ಮಾತು ಬರೆಸಿದ್ದು ಹೌದು. ಆದರೆ ಈ ನೆಲದ ಮಳೆ ಕಂಡವನೇ ಬರೆಸಿದ ಮಾತೂ ಹೌದು ಅಂತ ನಮಗೆ ಅನಿಸುತ್ತದೆ.

ಆ ಮುನಿಗಳು ಒಂದೇ ಪಂಥದವರೂ ಅಲ್ಲ. ರವಿವರ್ಮನ ತಂದೆ ಮೃಗೇಶವರ್ಮ ಇದೇ ಪಲಾಶಿಕೆಯಲ್ಲಿ ಬಸದಿ ಕಟ್ಟಿಸಿ ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಮೂವರಿಗೂ ಭೂಮಿ ಬಿಟ್ಟಿದ್ದ. ಮೂರು ಪಂಥದ ತಿರುಗಾಡಿಗಳಿಗೆ ಒಂದೇ ಊರಲ್ಲಿ ಆಸರೆ. ಇವತ್ತು ಹಲಸಿಗೆ ಬರುವವರು ನೋಡುವುದು ಭೂವರಾಹ ನರಸಿಂಹ ದೇವಸ್ಥಾನ. ಅದು ಗೋವೆಯ ಕದಂಬರ ಕಾಲದ್ದು, 12ನೇ ಶತಮಾನ. ಎರಡು ಗರ್ಭಗುಡಿ ಎದುರುಬದುರು, ನಡುವೆ ನಿಂತರೆ ಯಾವ ದೇವರಿಗೆ ಬೆನ್ನು ತಿರುಗಿಸಿದೆವೋ ಎಂದು ಹಿಂಜರಿಕೆಯಾಗುತ್ತದೆ. ನೋಡಲೇಬೇಕಾದ ಗುಡಿ, ಅನುಮಾನವಿಲ್ಲ. ಆದರೆ ನಮಗೆ ಹೆಚ್ಚು ಹಿಡಿಸಿದ್ದು ಕಣ್ಣಿಗೆ ಕಾಣದ ಆ ನಾಲ್ಕು ತಿಂಗಳ ಊಟ.

ಆಮೇಲೆ ಬಂದ ತಿರುಗಾಡಿಗಳ ತಿಂಗಳುಗಳನ್ನೂ ನೋಡಿ. ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯನ್ನು ಶುರು ಮಾಡಿದ್ದೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಿಂದ. ಅವನ ಮೊದಲ ವರದಿ 1874ರ ಜನವರಿಯಿಂದ ಮೇ ತನಕದ ಕೆಲಸದ್ದು. ಮಳೆ ಬರುವ ಹೊತ್ತಿಗೆ ಅವನೂ ಗಂಟು ಕಟ್ಟಿದ್ದ.

ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದದ್ದು 1892ರ ಅಕ್ಟೋಬರಿನಲ್ಲಿ, ಕೊಲ್ಹಾಪುರದಿಂದ. ಆಗ ಅವರಿನ್ನೂ ಹೆಸರಿಲ್ಲದ ಪರಿವ್ರಾಜಕ. ಷಿಕಾಗೋ ಭಾಷಣಕ್ಕೆ ಇನ್ನೂ ಒಂದು ವರ್ಷ ಇತ್ತು. ಮೊದಲು ರಿಸಾಲ್ದಾರ ಗಲ್ಲಿಯಲ್ಲಿ ವಕೀಲ ಭಾಟೆಯವರ ಮನೆ, ಆಮೇಲೆ ಕೋಟೆಯೊಳಗೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಮಿತ್ರರು ಬರೆದಿಟ್ಟ ನೆನಪುಗಳಲ್ಲಿ ಒಂದು ಮಾತಿದೆ: ಸನ್ಯಾಸಿ ಪಟ್ಟಣದಲ್ಲಿ ಮೂರು ದಿನ, ಹಳ್ಳಿಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಇರಬಾರದು, ಇದ್ದರೆ ಮೋಹ ಹತ್ತುತ್ತದೆ ಎಂದರಂತೆ ಸ್ವಾಮಿಗಳು. ಹಾಗೆಂದವರು ಮಿತ್ರರ ಒತ್ತಾಯಕ್ಕೆ ಅದಕ್ಕಿಂತ ಹೆಚ್ಚೇ ಉಳಿದರು. ಷಿಕಾಗೋ ಖರ್ಚಿಗೆ ಚಂದಾ ಎತ್ತುತ್ತೇನೆ ಎಂದು ಮಿತ್ರರು ಅಂದರೆ ಬೇಡವೆಂದರು. ಅಲ್ಲಿಂದ ಗೋವೆಗೆ ಹೋದರು. ಆ ರೈಲು ದಾರಿ ಇವತ್ತಿಗೂ ಖಾನಾಪುರ, ಲೋಂಡಾ ದಾಟಿಯೇ ಹೋಗುತ್ತದೆ.

ಬಂದವರು ಬರಿಗೈಯಲ್ಲಿ ಹೋದರು ಅಂತಲ್ಲ. ಅದೇ ಕೋಟೆಯಲ್ಲಿ ಕಮಲ ಬಸದಿ ಇದೆ. ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಮಂಟಪದ ಒಳಮಾಳಿಗೆಯಲ್ಲಿ ಕಲ್ಲಿನ ಕಮಲ ತಲೆಕೆಳಗಾಗಿ ಅರಳಿದೆ. ಬೀಚಿರಾಜನ ಬಸದಿಗೆ ಬಿಟ್ಟ ದಾನಗಳನ್ನು ಹೇಳುವ ಎರಡು ಕನ್ನಡ ಶಾಸನದ ಕಲ್ಲುಗಳು ಮಾತ್ರ ಬೆಳಗಾವಿಯಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ನಮ್ಮೂರ ಹೊಲದ ಲೆಕ್ಕವನ್ನು ಮೂಲದಲ್ಲಿ ನೋಡಬೇಕೆಂದರೆ ಪಾಸ್‌ಪೋರ್ಟು ಬೇಕು!

ಯಾರೂ ತೋರಿಸದ ಜಾಗ ಹುಡುಕಲು ಹೊರಟಿದ್ದೆವು ಅಂದೆವಲ್ಲ. ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಬಾರಾಪೇಡೆ ಗವಿ. ಖಾನಾಪುರ ತಾಲೂಕಿನ ಭೀಮಗಡ ಕಾಡಿನೊಳಗೆ, ತಳೇವಾಡಿಯ ಹತ್ತಿರ. 1913ರಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ದಾಖಲಿಸಿದ ಒಂದು ಬಾವಲಿಯ ಮೂಲ ಮನೆ ಅದು. ದೊಡ್ಡ ಕಿವಿಯ ಆ ಬಾವಲಿ ಜಗತ್ತಿನಲ್ಲಿ ಇಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದು ಎಷ್ಟೋ ದಶಕ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿತು. 2011ರಲ್ಲಿ ಭೀಮಗಡ ಅಭಯಾರಣ್ಯವೂ ಆಯಿತು.

ಆ ಗವಿಗೆ ನಾವು ಹೋಗಲಿಲ್ಲ. ಹೋಗಬಾರದು ಕೂಡ. ಟಾರ್ಚು ಹಿಡಿದು ನಾಲ್ಕು ಜನ ಒಳಗೆ ಹೊಕ್ಕರೆ ಬಾವಲಿಗಳು ಕದಲುತ್ತವೆ, ಮತ್ತೆ ಮತ್ತೆ ಕದಲಿದರೆ ಗವಿಯನ್ನೇ ಬಿಡಬಹುದು. ಮುನಿಗಳು ಹುಳದ ಮೇಲೆ ಕಾಲಿಡಬಾರದೆಂದು ನಾಲ್ಕು ತಿಂಗಳು ಕೂತ ತಾಲೂಕಿನಲ್ಲಿ ನಾವು ಸೆಲ್ಫಿಗಾಗಿ ಗವಿ ಹೊಗುವುದು ಸರಿ ಕಾಣಲಿಲ್ಲ.

ತಳೇವಾಡಿಯ ಸುದ್ದಿಯೂ ಇದೆ. ಅಭಯಾರಣ್ಯದೊಳಗಿನ ಆ ಊರಿನ ಕುಟುಂಬಗಳು ಕಾಡು ಬಿಡಲು ಒಪ್ಪಿ, 2025ರಲ್ಲಿ ಸರ್ಕಾರದಿಂದ ಪರಿಹಾರದ ಚೆಕ್ಕು ಪಡೆದವು. ರಸ್ತೆ, ದವಾಖಾನೆ, ಶಾಲೆ ಸರಿಯಾಗಿಲ್ಲದ ಕಡೆ ಮಕ್ಕಳನ್ನು ಬೆಳೆಸುವವರು ಹೊರಡುತ್ತೇವೆ ಅಂದರೆ ತಪ್ಪೆನ್ನಲು ನಾವು ಯಾರು? ಆದರೆ ಯಾವ ಹಳ್ಳ ಯಾವಾಗ ತುಂಬುತ್ತದೆ, ಯಾವ ದಿಬ್ಬಕ್ಕೆ ಏನು ಹೆಸರು ಎಂಬುದು ಅವರಿಗೆ ಗೊತ್ತು, ಮ್ಯಾಪಿಗೆ ಗೊತ್ತಿಲ್ಲ. ಅವರು ಹೊರಡುವ ಮೊದಲು ಆ ಹೆಸರುಗಳನ್ನಾದರೂ ಬರೆದುಕೊಳ್ಳಬೇಕು ಅಂತ ಮಾತಾಡಿಕೊಂಡಿದ್ದೇವೆ.

ಈಗ ತಿರುಗಾಟದ ಲೆಕ್ಕ ತಲೆಕೆಳಗಾಗಿದೆ. ಮಳೆ ಶುರುವಾದರೆ ಸಾಕು, ಶನಿವಾರ-ರವಿವಾರ ಬೈಕುಗಳ ಸಾಲು ಖಾನಾಪುರದ ಕಾಡಿನ ಕಡೆ. ಕಾಲು ಜಾರಿದರೆ ಹುಡುಕಲು ಇಳಿಯುವವರು ಅಲ್ಲಿನ ಊರ ಹುಡುಗರೇ. ಅರಣ್ಯ ಇಲಾಖೆ ಜಲಪಾತಗಳ ದಾರಿ ಮುಚ್ಚಿದಾಗ ಬೈಯುವವರಲ್ಲಿ ಹೋದ ವರ್ಷದ ತನಕ ನಾವೂ ಇದ್ದೆವು.

ಅವತ್ತು ಹಲಸಿಯಿಂದ ಹೊರಡುವಾಗ ಅಜ್ಜಿ ನಮ್ಮ ಒದ್ದೆ ಟವೆಲ್ಲುಗಳನ್ನು ಇಟ್ಟುಕೊಂಡರು. ಒಣಗಿಸಿ ಇಟ್ಟಿರ್ತೀನಿ, ಭತ್ತದ ಸುಗ್ಗಿಗೆ ಬಂದು ಒಯ್ಯಿರಿ ಅಂದರು. ಇನ್ನೂ ಅಲ್ಲೇ ಇವೆ. ಈ ಸಲ ಕಾರ್ತಿಕ ಹುಣ್ಣಿಮೆಗೆ ಹೋಗುತ್ತೇವೆ.