ಹಳೆಯ ಲೋಹಶೋಧಕಕ್ಕೆ ಬಿಡಿಭಾಗ: ಹುಡುಕುವ ಮುನ್ನ ತಿಳಿದಿರಬೇಕಾದದ್ದು

ಅಮೆರಿಕದ ಓರೆಗಾನ್ ರಾಜ್ಯದ ಸ್ವೀಟ್ ಹೋಮ್ ಎಂಬ ಸಣ್ಣ ಪಟ್ಟಣದಲ್ಲಿ 1950ರಲ್ಲಿ ಆರಂಭವಾದ ವೈಟ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 2020ರಲ್ಲಿ ಬಾಗಿಲು ಮುಚ್ಚಿತು. ಅದಕ್ಕೆ ಎರಡು ವರ್ಷ ಮೊದಲು, 2018ರಲ್ಲಿ, ಅರಿಜೋನಾದ ಪ್ರೆಸ್ಕಾಟ್‌ನಲ್ಲಿದ್ದ ಟೆಸೊರೊ ಸಂಸ್ಥೆಯೂ ವ್ಯವಹಾರ ನಿಲ್ಲಿಸಿತ್ತು. ಟೆಸೊರೊ ತನ್ನ ಲೋಹಶೋಧಕಗಳಿಗೆ ಮೊದಲ ಖರೀದಿದಾರನ ಜೀವಮಾನಪರ್ಯಂತ ಖಾತರಿ ನೀಡುತ್ತಿದ್ದ ಸಂಸ್ಥೆ. ಗ್ರಾಹಕರು ಇನ್ನೂ ಬದುಕಿದ್ದಾರೆ, ಖಾತರಿ ಕೊಟ್ಟವರೇ ಇಲ್ಲವಾದರು. ಹೀಗೆ ತಯಾರಕರಿಲ್ಲದೆ ಅನಾಥವಾದ ಸಾವಿರಾರು ಉಪಕರಣಗಳು ಇಂದಿಗೂ ಬಳಕೆಯಲ್ಲಿವೆ. ಅವು ಕೆಟ್ಟಾಗ ಬಿಡಿಭಾಗ ಎಲ್ಲಿಂದ ತರುವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಲೋಹಶೋಧಕ ಎಂದೊಡನೆ ನಮ್ಮಲ್ಲಿ ವಿಮಾನ ನಿಲ್ದಾಣದ ಚೌಕಟ್ಟು, ದೇವಾಲಯದ ಬಾಗಿಲಲ್ಲಿ ಪೊಲೀಸರು ಹಿಡಿಯುವ ಕೈಕೋಲು ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಉದ್ದ ಕೋಲಿನ ತುದಿಯಲ್ಲಿ ತಟ್ಟೆಯಂಥ ಭಾಗವಿರುವ, ಕಡಲತೀರದ ಮರಳಿನಲ್ಲಿ ಬಿದ್ದ ನಾಣ್ಯ, ಉಂಗುರಗಳನ್ನು ಹುಡುಕಲು ಬಳಸುವ ಉಪಕರಣ ಇದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದೊಂದು ಜನಪ್ರಿಯ ಹವ್ಯಾಸ. ಭಾರತದಲ್ಲಿ ನೆಲದಡಿ ದೊರೆತ ಹತ್ತು ರೂಪಾಯಿಗೆ ಮೀರಿದ ನಿಧಿಯ ಬಗ್ಗೆ ಜಿಲ್ಲಾಧಿಕಾರಿಗೆ ವರದಿ ಮಾಡಬೇಕೆಂದು 1878ರ ಕಾಯ್ದೆಯೇ ವಿಧಿಸಿದೆ; ಹವ್ಯಾಸ ಇಲ್ಲಿ ಬೇರುಬಿಡದಿರಲು ಇಂಥ ಕಾನೂನುಗಳೂ ಒಂದು ಕಾರಣವೆನ್ನಬಹುದು.

ಹಳೆಯ ಶೋಧಕ ಕೆಟ್ಟಿತೆಂದರೆ ಇಡೀ ಉಪಕರಣವೇ ಅಪರೂಪದ್ದು, ಬಿಡಿಭಾಗ ಸಿಗಲಾರದು ಎಂದು ಕೈಚೆಲ್ಲುವವರೇ ಹೆಚ್ಚು. ವಾಸ್ತವ ಇದಕ್ಕಿಂತ ಭಿನ್ನ. 1970ರಿಂದ 1990ರ ದಶಕದವರೆಗಿನ ಶೋಧಕಗಳ ಒಳಗಿರುವ ಭಾಗಗಳಲ್ಲಿ ಬಹುಪಾಲು ಆ ಕಾಲದ ರೇಡಿಯೊ, ಟೇಪ್ ರೆಕಾರ್ಡರ್‌ಗಳಲ್ಲಿ ಇದ್ದಂಥವೇ. ನಿಜವಾಗಿ ದುರ್ಲಭವಾದವು ಎರಡೇ: ಒಂದು, ತುದಿಯ ತಟ್ಟೆಯೊಳಗಿನ ತಂತಿಸುರುಳಿ, ಅಂದರೆ ಕಾಯಿಲ್; ಇನ್ನೊಂದು, ತಯಾರಕರೇ ಪ್ರೋಗ್ರಾಂ ಬರೆದು ಕೂರಿಸಿದ ಚಿಪ್. ಕೆಟ್ಟದ್ದು ಇವೆರಡರಲ್ಲಿ ಒಂದೋ ಅಲ್ಲವೋ ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಿಡಿಭಾಗವೇ ಬೇಡದ ದೋಷಗಳು

ಸತ್ತೇಹೋಯಿತೆಂದು ಮೂಲೆಗೆ ಸೇರಿದ ಅನೇಕ ಶೋಧಕಗಳಿಗೆ ಬೇಕಾಗಿರುವುದು ಶುಚಿಗೊಳಿಸುವಿಕೆ ಮಾತ್ರ. ವರ್ಷಗಟ್ಟಲೆ ಒಳಗೇ ಉಳಿದ ಕ್ಷಾರೀಯ ಬ್ಯಾಟರಿ ಸೋರಿ, ಲೋಹದ ಪಟ್ಟಿಗಳ ಮೇಲೆ ಹಸಿರು-ಬಿಳಿ ಕಿಲುಬು ಕಟ್ಟುತ್ತದೆ. ಸೋರಿದ ದ್ರವ ಕ್ಷಾರವಾದ್ದರಿಂದ ವಿನೆಗರ್ ಹಚ್ಚಿದ ಹತ್ತಿಯಿಂದ ಒರೆಸಿ, ನಂತರ ಶುದ್ಧ ನೀರಿನಿಂದಲೂ ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದಲೂ ಸ್ವಚ್ಛಗೊಳಿಸಿದರೆ ಪಟ್ಟಿಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಪಟ್ಟಿ ತಿಂದುಹೋಗಿದ್ದರೆ, ಎಂಟು ಪೆನ್ಸಿಲ್ ಸೆಲ್ ಕೂರುವ ಸಾಮಾನ್ಯ ಹೋಲ್ಡರನ್ನು ತಂದು ತಂತಿ ಬೆಸೆಯಬಹುದು. ಮೂಲ ಪೆಟ್ಟಿಗೆಗಾಗಿ ಅಲೆಯಬೇಕಿಲ್ಲ. ಮರುಚಾರ್ಜ್ ಆಗುವ ಸೆಲ್ಲುಗಳು 1.5 ವೋಲ್ಟಿನ ಬದಲು 1.2 ವೋಲ್ಟ್ ಕೊಡುವುದರಿಂದ ಹಳೆಯ ಉಪಕರಣದ ಸೂಚಕ ಅವನ್ನು ಬೇಗನೆ ‘ಖಾಲಿ’ ಎಂದು ತೋರಿಸುವುದುಂಟು. ಇದು ದೋಷವಲ್ಲ.

ಇನ್ನೊಂದು ವಿಚಿತ್ರ ಕಾಯಿಲೆ, ಮೌನ. ಎಲ್ಲವೂ ಸರಿಯಿದ್ದು ಸದ್ದು ಮಾತ್ರ ಬಾರದಿದ್ದರೆ ಸ್ಪೀಕರನ್ನು ಬಯ್ಯುವ ಮುನ್ನ ಹೆಡ್‌ಫೋನ್ ಸಿಕ್ಕಿಸುವ ತೂತನ್ನು ನೋಡಬೇಕು. ಹೆಡ್‌ಫೋನ್ ಹಾಕಿದಾಗ ಸ್ಪೀಕರನ್ನು ಕಡಿದುಹಾಕುವ ಸಣ್ಣ ಪಟ್ಟಿಯೊಂದು ಅಲ್ಲಿರುತ್ತದೆ. ಧೂಳು, ಉಪ್ಪುಗಾಳಿಗೆ ಅದು ಮಲಿನವಾದರೆ ಸ್ಪೀಕರಿಗೆ ಸಂಪರ್ಕವೇ ಸಿಗದು. ಬದಲಿಸಬೇಕಾದರೂ ಕಾಲಂಗುಲದ ಆ ಜ್ಯಾಕ್ ಎಲ್ಲೆಡೆ ಸಿಗುವಂಥದ್ದು. ತಿರುಗಿಸುವಾಗ ಕರಕರ ಎನ್ನುವ ಗುಂಡಿಗಳಿಗೂ ಮೊದಲ ಚಿಕಿತ್ಸೆ ಸಂಪರ್ಕ ಶುದ್ಧಿಕಾರಕದ ಒಂದೆರಡು ಹನಿ.

ಪೇಟೆಯಲ್ಲಿ ದೊರೆಯುವಂಥವು

ಫಲಕದ ಮೇಲಿನ ಭಾಗಗಳಲ್ಲಿ ವಯಸ್ಸಿನಿಂದ ಮೊದಲು ಸೊರಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ಒಣಗಿ ಸಾಮರ್ಥ್ಯ ಕುಂದುತ್ತದೆ. ಅದೇ ಮೌಲ್ಯದ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ, 105 ಡಿಗ್ರಿ ತಾಳಿಕೆಯದನ್ನು ಹಾಕಿದರಾಯಿತು. 4066ರಂಥ ಸ್ವಿಚ್ ಐ.ಸಿ., 358ರಂಥ ವರ್ಧಕ ಐ.ಸಿ.ಗಳು ಇಂದಿಗೂ ತಯಾರಾಗುತ್ತಿವೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲೂ ಇಂಥವಕ್ಕೆ ಬರವಿಲ್ಲ. ಐ.ಸಿ. ಮೈಮೇಲಿನ ನಾಲ್ಕಂಕಿ ಸಂಖ್ಯೆಯನ್ನು ಓದುವ ಅಭ್ಯಾಸವಿರುವುದು ಒಳ್ಳೆಯದು. 8432 ಎಂದಿದ್ದರೆ 1984ರ 32ನೇ ವಾರದಲ್ಲಿ ತಯಾರಾದದ್ದೆಂದು ಸಾಮಾನ್ಯ ಅರ್ಥ. ಉಪಕರಣದ ವಯಸ್ಸು ಇದರಿಂದಲೇ ಅಂದಾಜಾಗುತ್ತದೆ.

ಎಚ್ಚರ ಬೇಕಾದ ಜಾಗಗಳೂ ಇವೆ. ಕಾಯಿಲ್‌ಗೆ ಜೋಡಿಯಾಗಿ ಆವರ್ತನವನ್ನು ನಿರ್ಧರಿಸುವ ಕೆಪಾಸಿಟರ್ ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್ ಹಾಳೆಯದಾಗಿರುತ್ತದೆ. ಅಂಕಿ ಒಂದೇ ಎಂದು ಅಲ್ಲಿ ಅಗ್ಗದ ಸೆರಾಮಿಕ್ ಬಿಲ್ಲೆ ಹಾಕಿದರೆ ಬಿಸಿಲೇರಿದಂತೆ ಶೋಧಕದ ಹೊಂದಾಣಿಕೆ ಜಾರುತ್ತಾ ಹೋಗುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಹುಚ್ಚೆದ್ದು ಕೂಗುತ್ತದೆ. ಉತ್ಪಾದನೆ ನಿಂತ 308ರಂಥ ಐ.ಸಿ.ಗಳ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು: ಬೇರಾವುದೋ ಚಿಪ್ಪಿನ ಮೇಲೆ ಹೆಸರು ಬರೆದು ಮಾರುವ ನಕಲಿಗಳು.

ಗುಂಡಿಯ ಕೆಳಗಿನ ಪೊಟೆನ್ಶಿಯೋಮೀಟರ್ ಸುಲಭವೆಂದು ತೋರಿದರೂ ತೊಡಕಿನದು. ನೆಲದ ಖನಿಜಕ್ಕೆ ಹೊಂದಿಸುವ ಗುಂಡಿ ಅನೇಕ ಮಾದರಿಗಳಲ್ಲಿ ಹತ್ತು ಸುತ್ತು ತಿರುಗುತ್ತದೆ. ಒಂದೇ ಸುತ್ತಿನದನ್ನು ಹಾಕಿದರೆ ಸೂಕ್ಷ್ಮ ಹೊಂದಾಣಿಕೆ ಅಸಾಧ್ಯ. ಮೈಮೇಲಿನ ‘ಎ’, ‘ಬಿ’ ಅಕ್ಷರಗಳನ್ನೂ ನಂಬುವಂತಿಲ್ಲ. ಇಂದು ‘ಬಿ’ ಎಂದರೆ ಸಮಪ್ರಮಾಣದ್ದು; ಹಳೆಯ ಐರೋಪ್ಯ ಭಾಗಗಳಲ್ಲಿ ‘ಎ’ ಅಕ್ಷರಕ್ಕೇ ಆ ಅರ್ಥವಿದ್ದದ್ದುಂಟು. ಗುಂಡಿಯನ್ನು ನಡುವೆ ನಿಲ್ಲಿಸಿ ಮಲ್ಟಿಮೀಟರಿನಲ್ಲಿ ಅಳೆದಾಗ ಒಟ್ಟು ರೋಧದ ಅರ್ಧ ಬಂದರೆ ಅದು ಸಮಪ್ರಮಾಣದ್ದೆಂದು ತಿಳಿಯಬಹುದು.

ಕಾಯಿಲ್ ಎಂಬ ಕಗ್ಗಂಟು

ಈ ಶೋಧಕಗಳಲ್ಲಿ ಬಹುಪಾಲಿನ ತಟ್ಟೆಯೊಳಗೆ ಎರಡು ಸುರುಳಿಗಳಿರುತ್ತವೆ. ಒಂದು ಕಾಂತಕ್ಷೇತ್ರವನ್ನು ಹೊರಡಿಸುತ್ತದೆ, ಮತ್ತೊಂದು ಆಲಿಸುತ್ತದೆ. ಲೋಹವಿಲ್ಲದಾಗ ಎರಡನೆಯದಕ್ಕೆ ಹೆಚ್ಚುಕಡಿಮೆ ಏನೂ ಕೇಳದಂತೆ ಅವನ್ನು ಒಂದರ ಮೇಲೊಂದು ಅತಿಸೂಕ್ಷ್ಮವಾಗಿ ಹೊಂದಿಸಿ, ಎಪಾಕ್ಸಿ ಸುರಿದು ಗಟ್ಟಿಗೊಳಿಸಿರುತ್ತಾರೆ. ಈ ಸಮತೋಲವೇ ಉಪಕರಣದ ಜೀವ. ತಟ್ಟೆ ಬಿರುಕುಬಿಟ್ಟು ಸುರುಳಿ ಕೂದಲೆಳೆಯಷ್ಟು ಸರಿದರೂ ಕಿವಿ ಮಂದವಾಗುತ್ತದೆ.

ಆದರೆ ಕಾಯಿಲ್ ಕೆಟ್ಟಿತೆನ್ನುವ ದೂರುಗಳಲ್ಲಿ ಅನೇಕವು ಅದರ ಕೇಬಲ್ಲಿನವು. ಕೇಬಲ್ ತಟ್ಟೆಯನ್ನು ಸೇರುವಲ್ಲಿ ಮತ್ತು ಪ್ಲಗ್‌ನ ಬುಡದಲ್ಲಿ ಬಾಗಿ ಬಾಗಿ ತಂತಿ ತುಂಡಾಗುತ್ತದೆ. ಪ್ಲಗ್ ಕಳಚಿ, ಪ್ರತಿ ಸುರುಳಿಯ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡುತ್ತಾ ಕೇಬಲನ್ನು ಅಲುಗಾಡಿಸಬೇಕು. ಅಂಕಿ ಕುಣಿದರೆ ತುಂಡಾದ ಜಾಗ ಸಿಕ್ಕಿತು. ಅಲ್ಲಿ ಕತ್ತರಿಸಿ ಮರುಬೆಸೆದರೆ ಕೆಲಸವಾಯಿತು. ಬದಲಿ ಕೇಬಲ್ ಹಾಕುವುದಾದರೆ ಹೊರಡಿಸುವ ತಂತಿಗೂ ಆಲಿಸುವ ತಂತಿಗೂ ಪ್ರತ್ಯೇಕ ಲೋಹಕವಚವಿರುವಂಥದ್ದೇ ಬೇಕು. ರೋಧ ಸರಿಯಿದ್ದೂ ಹುಲ್ಲು ತಾಗಿದೊಡನೆ ಶೋಧಕ ಕೂಗಿದರೆ, ತಟ್ಟೆಯೊಳಗೆ ಬಳಿದ ಗ್ರಾಫೈಟ್ ಲೇಪದ ಸಂಪರ್ಕ ಕಡಿದಿರುವ ಸಾಧ್ಯತೆ ಹೆಚ್ಚು. ತುಂಡು ಎಪಾಕ್ಸಿಯೊಳಗೇ ಇದ್ದರೆ ಮಾತ್ರ ಬದಲಿ ಕಾಯಿಲ್ ಹುಡುಕಬೇಕು.

ಹಣ ಪೋಲಾಗುವುದು ಇಲ್ಲಿಯೇ. ಪ್ಲಗ್ ಕೂತಿತು, ಪಿನ್ನುಗಳ ಸಂಖ್ಯೆಯೂ ಸರಿಹೊಂದಿತು ಎಂಬ ಮಾತ್ರಕ್ಕೆ ಕಾಯಿಲ್ ಹೊಂದುವುದಿಲ್ಲ. ವೈಟ್ಸ್‌ನ ಹಳೆಯ ಅನೇಕ ಮಾದರಿಗಳು 6.59 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಟೆಸೊರೊದ ಸಿಲ್ವರ್ ಮೈಕ್ರೋಮ್ಯಾಕ್ಸ್ 10.6ರಲ್ಲಿ, ಅದೇ ಸಂಸ್ಥೆಯ ತೆಹೋನ್ 17.5ರಲ್ಲಿ. 1970ರ ದಶಕದ ಕಂಪಾಸ್ ಶೋಧಕಗಳಲ್ಲಿ ಕೆಲವು 100 ಕಿಲೋಹರ್ಟ್ಸ್‌ನವು. ಒಂದೇ ಹೆಸರಿನ ಎರಡು ಮಾದರಿಗಳ ಕಾಯಿಲ್‌ಗಳೇ ಪರಸ್ಪರ ಒಲ್ಲದಿರಬಹುದು. ಕೆಲವದರಲ್ಲಿ ತಟ್ಟೆಯೊಳಗೇ ಪುಟ್ಟ ವರ್ಧಕವೂ ಇರುತ್ತದೆ. ಆದ್ದರಿಂದ ಕೊಳ್ಳುವಾಗ ಮಾದರಿಯ ಹೆಸರು, ಆವರ್ತನ, ಎರಡೂ ಸುರುಳಿಗಳ ರೋಧ ಇವನ್ನು ತಾಳೆ ನೋಡಲೇಬೇಕು. ಬಲ್ಗೇರಿಯಾದ ಡೆಟೆಕ್, ಯುಕ್ರೇನಿನ ನೆಲ್ ಮುಂತಾದವು ಬೇರೆ ತಯಾರಕರ ಶೋಧಕಗಳಿಗೆ ಕಾಯಿಲ್ ಮಾಡಿಯೇ ಹೆಸರು ಪಡೆದವು.

ಕೈಯಾರೆ ಸುತ್ತಿಕೊಳ್ಳುವ ಸಾಹಸಿಗಳೂ ಇದ್ದಾರೆ. ಆಸಿಲೋಸ್ಕೋಪ್ ನೋಡುತ್ತಾ, ಆಲಿಸುವ ಸುರುಳಿಯ ಸಂಕೇತ ಕನಿಷ್ಠವಾಗುವವರೆಗೆ ಅದನ್ನು ಸರಿಸಿ ನಿಲ್ಲಿಸಬೇಕು. ಎಪಾಕ್ಸಿ ಗಟ್ಟಿಯಾಗುವಾಗ ಸುರುಳಿಯನ್ನು ಸ್ವಲ್ಪ ಎಳೆಯುವುದರಿಂದ ಒಮ್ಮೆಗೇ ಸುರಿಯದೆ ಹಂತಹಂತವಾಗಿ ಸುರಿಯುತ್ತಾರೆ. ತಟ್ಟೆಯನ್ನು ಕೋಲಿಗೆ ಬಿಗಿಯುವ ಬೋಲ್ಟು ಪ್ಲಾಸ್ಟಿಕ್ಕಿನದೇ ಆಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ; ಆದರೂ ಕಬ್ಬಿಣದ ಬೋಲ್ಟು ಹಾಕಿ, ಶೋಧಕ ಕೂಗುವುದು ನಿಲ್ಲುತ್ತಿಲ್ಲವೆಂದು ಗೊಣಗುವವರುಂಟು.

ದಾನಿ ಯಂತ್ರ ಮತ್ತು ಚಿಪ್

ಬೇರೆ ದಾರಿಯಿಲ್ಲದಾಗ ಉಳಿಯುವುದು ಅದೇ ಮಾದರಿಯ ಇನ್ನೊಂದು ಕೆಟ್ಟ ಶೋಧಕವನ್ನು ಕೊಂಡು, ಎರಡರಿಂದ ಒಂದನ್ನು ಮಾಡುವ ಉಪಾಯ. ಮುಳ್ಳು ಓಡುವ ಮೀಟರ್, ಪೆಟ್ಟಿಗೆ, ವಿಶೇಷ ಸ್ವಿಚ್ ಇವೆಲ್ಲ ಹೀಗೆಯೇ ಸಿಗಬೇಕು. ಕೊಳ್ಳುವಾಗ ಕಾಯಿಲ್ ಸಹಿತವಾದದ್ದನ್ನೇ ಆರಿಸಿಕೊಳ್ಳುವುದು ಜಾಣತನ. ಫಲಕದ ನಕ್ಷೆಗಳನ್ನು ತಯಾರಕರು ಬಹುತೇಕ ಗುಟ್ಟಾಗಿಯೇ ಇಟ್ಟಿದ್ದರು, ಕೆಲವರು ಐ.ಸಿ.ಗಳ ಹೆಸರನ್ನೇ ಉಜ್ಜಿ ಅಳಿಸಿದ್ದೂ ಉಂಟು. ಆಗ ದಾನಿ ಯಂತ್ರದ ಸರಿಯಿರುವ ಫಲಕವೇ ನಕ್ಷೆಯ ಕೆಲಸ ಮಾಡುತ್ತದೆ. ಅಮೆರಿಕದ ಪೇಟೆಂಟ್ ದಾಖಲೆಗಳೂ ಸಾರ್ವಜನಿಕವಾಗಿ ಲಭ್ಯವಿದ್ದು, ವಿದ್ಯುನ್ಮಂಡಲದ ತತ್ವ ಅರಿಯಲು ನೆರವಾಗುತ್ತವೆ.

ಪರದೆಯುಳ್ಳ ಮಾದರಿಗಳಲ್ಲಿ ಅಂಕಿಗಳ ಗೆರೆಗಳು ಮಾಯವಾಗಿದ್ದರೆ ಪರದೆಗೂ ಫಲಕಕ್ಕೂ ನಡುವಿನ ರಬ್ಬರ್ ಪಟ್ಟಿಯನ್ನು ಆಲ್ಕೋಹಾಲಿನಿಂದ ಒರೆಸಿ ಮತ್ತೆ ಕೂರಿಸುವುದೇ ಸಾಕಾಗಬಹುದು. ಮೈಕ್ರೋಪ್ರೊಸೆಸರ್ ಕೆಟ್ಟಿದ್ದರೆ ಸಂಗತಿ ಬೇರೆ. ಚಿಪ್ ಪೇಟೆಯಲ್ಲಿ ಸಿಕ್ಕೀತು, ಅದರೊಳಗಿನ ಪ್ರೋಗ್ರಾಂ ಸಿಗದು. ಪ್ರೋಗ್ರಾಮನ್ನು ಪ್ರತ್ಯೇಕ ಇಪ್ರಾಮ್ ಚಿಪ್ಪಿನಲ್ಲಿ ಇರಿಸಿದ ಮಾದರಿಗಳಿಗೆ ಮಾತ್ರ ಒಂದು ಅವಕಾಶವಿದೆ. ಚಿಪ್ಪಿನ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿಯನ್ನು ಕೀಳಬಾರದು. ನೇರಳಾತೀತ ಬೆಳಕು ಒಳಹೊಕ್ಕರೆ ಬರೆದದ್ದು ಅಳಿಸಿಹೋಗುತ್ತದೆ. ಬೆಳಕು ತಾಗದಿದ್ದರೂ ದಶಕಗಳಲ್ಲಿ ಅದು ತಾನಾಗಿಯೇ ಮಾಸಬಹುದು. ಉಪಕರಣ ಸರಿಯಿರುವಾಗಲೇ ಇಪ್ರಾಮ್ ಓದುವ ಯಂತ್ರದಲ್ಲಿ ಅದರ ಪ್ರತಿ ತೆಗೆದಿಟ್ಟುಕೊಂಡರೆ, ಮುಂದೆ ಅದನ್ನು ಹೊಸ ಚಿಪ್ಪಿಗೆ ಬರೆದು ಕೂರಿಸಲು ಸಾಧ್ಯ.